ಖಾಲಿ ಇದ್ದಾಗ

ನವನಗರ. ಪುನರ್ವಸತಿ ಕಚೇರಿಯ ಹಿಂದಿನ ಕೋಣೆ.
ಹೊಸ ಡಿಸ್ಕು ಬಂದಿದೆ, ಎಂಟು ಟಿಬಿ,
ಇನ್ನೂ ಪ್ಲಾಸ್ಟಿಕ್ಕಿನ ವಾಸನೆ.
ಮುಳುಗಿದ ಮನೆಗಳ ಕಾಗದವೆಲ್ಲ ಇದರೊಳಗೆ ಇಳಿಯಬೇಕು:
ಪಂಚನಾಮೆ, ಉತಾರ, ಹೆಬ್ಬೆಟ್ಟಿನ ನೀಲಿ,
ಬೇವಿನ ಗಿಡ ಒಂದು, ಕಿಮ್ಮತ್ತು ಇಷ್ಟು.

ಫಾರ್ಮ್ಯಾಟಿಗೆ ಹಾಕಿದೆ.
ಕರಿ ಪರದೆಯ ಮೇಲೆ ಬಿಳಿ ಸಾಲು ಸುರಿದವು
ಗಿರಣಿಯ ಬಾಯಿಂದ ಹಿಟ್ಟು ಬಿದ್ದ ಹಾಗೆ.
ನಡುವೆ ಒಂದು ನಿಂತಿತು:
ಎಚ್ಚರಿಕೆ. ೨೦೩೮ರ ಜನವರಿ ಹತ್ತೊಂಬತ್ತರ ಆಚೆಗಿನ ದಿನಗಳನ್ನು
ಈ ಡಿಸ್ಕು ಬರೆದಿಡಲಾರದು.
ಮುಂದುವರಿಯಲೆ? ಹೌದು. ಇಲ್ಲ.

"ಒತ್ತಿಬಿಡ್ರಿ ಬಾಯಾರ," ಅಂದ ಲಾಲಸಾಬ,
ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ.
"ಅದು ಏನರೆ ಅಂತಿರತೈತಿ."

ಲೆಕ್ಕ ಹಾಕಿದೆ. ಅವತ್ತು ಮಂಗಳವಾರ.
ನಮ್ಮ ಗಡಿಯಾರದಲ್ಲಿ ಮುಂಜಾನೆ ಎಂಟು ನಲವತ್ನಾಲ್ಕು, ಮೇಲೆ ಏಳು ಸೆಕೆಂಡು.
ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ.
ಆಮೇಲೆ ಎಣಿಕೆ ಒಂದೋ ಅಲ್ಲೇ ಕಲ್ಲಾಗುತ್ತದೆ,
ಇಲ್ಲವೇ ಹಿಂದಕ್ಕೆ ಬೀಳುತ್ತದೆ, ೧೯೦೧ಕ್ಕೆ,
ನಮ್ಮಜ್ಜಿಯ ಅವ್ವ ಇನ್ನೂ ತೊಟ್ಟಿಲಲ್ಲಿದ್ದ ಚಳಿಗಾಲಕ್ಕೆ.
ಕೊಡ ತುಂಬಿದರೆ ಉಕ್ಕಬೇಕಲ್ಲ?
ಇದು ಉಕ್ಕುವುದಿಲ್ಲ.

ಮೂವತ್ತೊಂದಕ್ಕೆ ನನ್ನ ನಿವೃತ್ತಿ.
ಆ ಮಂಗಳವಾರ ಈ ಕುರ್ಚಿಯಲ್ಲಿ ಬೇರೆ ಯಾರೋ.
ಸುಳ್ಳು ಯಾಕೆ, ಬೆರಳು 'ಹೌದು' ಮೇಲೇ ಇತ್ತು.

ಹಳೆ ಊರಿನ ಕಿಲ್ಲೆದಾಗ, ನಾನು ಆರನೆತ್ತಿಯಲ್ಲಿದ್ದಾಗ,
ಸರ್ವೆದವ ಬಂದ, ಕೆಂಪು ಬಣ್ಣದ ಡಬ್ಬಿ ಹಿಡಕೊಂಡು.
ಗೌರವ್ವತ್ತಿಯ ಪಡಸಾಲೆಯ ಗೋಡೆಗೆ
ದೀಪದ ಗೂಡಿನ ಸರಿಸಮ ಒಂದು ಗೆರೆ ಎಳೆದ,
ಪಕ್ಕದಲ್ಲಿ ಮೀಟರಿನ ಅಂಕಿ.
"ಇಲ್ಲಿ ತನಕ ನೀರು," ಅಂದ. ನೀರು ಕೇಳಿ ಕುಡಿದ. ಹೋದ.
ಅತ್ತಿ ಒಂದು ಮೊಳೆ ಹೊಡೆದು
ಆ ಗೆರೆಯ ಮೇಲೆ ವರ್ಷದ ಕ್ಯಾಲೆಂಡರು ತೂಗುಹಾಕಿದಳು.
ಮರುವರ್ಷ ಅದರ ಮೇಲೆ ಮತ್ತೊಂದು.
ಮಗ್ಗದ ಕುಣಿ ಅಗಲ ಮಾಡಿಸಿದಳು, ಅಟ್ಟ ಹಾಕಿಸಿದಳು,
ಎರಡು ಬಾಣಂತನ ಮಾಡಿದಳು ಆ ಗೆರೆಯ ಕೆಳಗೆ.
ಹದಿನೇಳು ಕ್ಯಾಲೆಂಡರು ದಪ್ಪವಾದ ಮೇಲೆ
ಘಟಪ್ರಭೆ ಹಿಮ್ಮುಖ ಬಂತು, ಸಪ್ಪಳಿಲ್ಲದೆ,
ದಿನಕ್ಕೊಂದು ಬೆರಳು.
ಹನ್ನೆರಡು ತಿಂಗಳು ಒಂದೇ ಹಾಳೆಯಲ್ಲಿದ್ದವು.
ಡಿಸೆಂಬರ್ ಮೊದಲು ತೊಯ್ದಿತು.

ಅತ್ತಿಯನ್ನು ನಾನು ಅನ್ನುವುದಿಲ್ಲ.
ಅವ ಹೇಳಿದ್ದು ತುಂಬಿದ ಮನೆಗೆ.
ಹನ್ನೊಂದು ಜನ, ಎರಡು ಮಗ್ಗ, ಕೋಳಿ, ಹಗೇವಿನ ಜೋಳ,
ಇಷ್ಟೆಲ್ಲ ಇಟ್ಟುಕೊಂಡು ಗೆರೆ ನೋಡುತ್ತ ಮಲಗುವುದು ಹೇಗೆ?
ಈ ಡಿಸ್ಕಿನಲ್ಲಿ ಇನ್ನೂ ಏನೂ ಇಲ್ಲ.
ಒಂದು ಹೆಸರಿಲ್ಲ, ಒಂದು ಹೆಬ್ಬೆಟ್ಟಿಲ್ಲ.
ಇಂಥ ಹೊತ್ತಿಗೆ ಬಾಯಿಬಿಟ್ಟು ಹೇಳಿದೆಯಲ್ಲ,
ಅದನ್ನು ಬರೆದವರು ಯಾವ ಊರಿನವರೋ ಗೊತ್ತಿಲ್ಲ.
ಸುಮ್ಮನಿದ್ದಿದ್ದರೂ ಅವರನ್ನು ಯಾರೂ ಹಿಡಿಯುತ್ತಿರಲಿಲ್ಲ.
ಊಟಕ್ಕೆ ಕೂತವರಿಗೆ, ಮೊದಲ ತುತ್ತಿಗೂ ಮೊದಲು,
"ಸಾರಿಗೆ ಉಪ್ಪು ಒಂಚೂರು ಜಾಸ್ತಿ ಆಗೇತ್ರಿ" ಅನ್ನುವ
ಹೆಣ್ಣುಮಗಳ ಮರ್ಯಾದೆ ಅದು.

'ಇಲ್ಲ' ಒತ್ತಿದೆ.
ಕೈಪಿಡಿ ತೆಗೆದು ಹುಡುಕಿದೆ, ಕನ್ನಡಕ ಒರೆಸಿ ಮತ್ತೆ ಹುಡುಕಿದೆ.
ಒಂದೇ ಒಂದು ಪದ ಸೇರಿಸಬೇಕಿತ್ತು.
ಈಗ ಅದರ ಎಣಿಕೆ ೨೪೮೬ರ ತನಕ.

"ಆವಾಗ ಏನ್ರಿ?" ಅಂದ ಲಾಲಸಾಬ.
"ಆವಾಗಿನ ಬಾಯಾರು ನೋಡ್ಕೋತಾರ ಬಿಡೋ," ಅಂದೆ.
ಅಂದವಳು ನಾನೇ.
ಇಬ್ಬರೂ ನಕ್ಕೆವು, ಆಮೇಲೆ ನಾನು ನಗಲಿಲ್ಲ.

ಕೆಂಪು ಮಾರ್ಕರು ತಗೊಂಡು
ಡಿಸ್ಕಿನ ಬೆನ್ನ ಮೇಲೆ ಬರೆದೆ: ಇಲ್ಲಿ ತನಕ.
ಬಿಲ್ಲಿನ ಚೀಟಿ ಅಂಟಿಸಲು ಅಲ್ಲೇ ಜಾಗವಿತ್ತು,
ಬೇರೆ ಕಡೆ ಅಂಟಿಸಿದೆ.

ಚಹಾಕ್ಕೆ ಕೆನೆ ಕಟ್ಟಿತ್ತು.
ಮೊದಲ ಕಾಗದ ಇಳಿಯಿತು ಒಳಗೆ,
ಕಿಲ್ಲೆ ಓಣಿ, ಗೌರವ್ವ ಕೋಂ ಸಂಗಪ್ಪ, ಮಣ್ಣಿನ ಗೋಡೆ,
ಎರಡನೇ ತಪಾಸಣೆಯ ಷರಾ, ಬಾಲ್ ಪೆನ್ನಿನಲ್ಲಿ, ಅವಸರದ ಕೈಬರಹ:
ಗುರುತು ಕಾಣಿಸುವುದಿಲ್ಲ.
ಮೇಲೆ ಕ್ಯಾಲೆಂಡರ್ ಇದೆ.